ಹಿಡಿದುಕೊಳ್ಳುವವನಿಗೂ ಕಣ್ಣಿದೆ

ಬಿತ್ತನೆಯ ಹದ ಬಂದಾಗಲೇ ಕೂರಿಗೆ ಮುರಿಯುವುದು. ಅವಸರದಲ್ಲಿ ವೆಲ್ಡಿಂಗ್ ಅಂಗಡಿಗೆ ಒಯ್ಯುತ್ತೇವೆ. ವೆಲ್ಡರ್ ಮುಖಕ್ಕೆ ಗಾಜು ಹಿಡಿದು ಬೆಸೆಯುತ್ತಾನೆ. ತುಂಡು ಜೋಡಿಸಿ ಹಿಡಿಯುವವರು ನಾವು, ಬರಿಗಣ್ಣಲ್ಲಿ. ಹೋದ ಮುಂಗಾರಿನಲ್ಲಿ ನಾನೂ ಹಾಗೇ ಹಿಡಿದೆ. ಆಗೇನೂ ಅನ್ನಿಸಲಿಲ್ಲ. ನಡುರಾತ್ರಿ ಕಣ್ಣಿಗೆ ಮರಳು ಹೊಯ್ದಂಥ ಉರಿ. ಕಣ್ಣು ಬಿಡಲಾಗದೆ ಎರಡು ದಿನ ಮಲಗಿದೆ, ಹದ ಆರಿಹೋಯ್ತು.

ಆಲೂಗಡ್ಡೆ ಇಡು, ಎದೆಹಾಲು ಬಿಡು ಅನ್ನುವವರಿಗೇನು ಕಮ್ಮಿಯಿಲ್ಲ. ಕಣ್ಣಿನ ಡಾಕ್ಟರೇ ಸರಿ. ಆ ಬೆಳಕಿನ ಅತಿನೇರಳೆ ಕಿರಣ ಕಣ್ಣಿನ ಮೇಲ್ಪದರ ಸುಡುತ್ತದೆ, ಉರಿ ಏಳುವುದು 6-12 ತಾಸು ಕಳೆದ ಮೇಲೆ. ಅದಕ್ಕೇ ಯಾರಿಗೂ ಅಂಜಿಕೆಯಿಲ್ಲ. ಕೂಲಿಂಗ್ ಗ್ಲಾಸು ಸಾಲದು, 10 ಇಲ್ಲವೆ 11ನೇ ನಂಬರಿನ ವೆಲ್ಡಿಂಗ್ ಗಾಜೇ ಬೇಕು.

ನನ್ನ ಮಾತಿಷ್ಟೆ: ಅಂಗಡಿಯವರು ಎರಡನೇ ಗಾಜು ಇಡಲಿ. ಇಲ್ಲದಿದ್ದರೆ ತುಂಡನ್ನು ಕ್ಲಾಂಪಿಗೆ ಬಿಗಿದು ನಾವು ದೂರ ನಿಲ್ಲೋಣ, ನೋಡಲು ಬಂದ ಮಕ್ಕಳನ್ನೂ ಆಚೆ ಕಳಿಸೋಣ.