ಹೊರೆಯ ಮೇಲೊಂದು ಹೊರೆ

ಅಂಗವೈಕಲ್ಯವನ್ನು ವಿಧಿಯ ಆಟವೆಂದು ತಿಳಿದು ಮರುಗಿ ಸುಮ್ಮನಾಗುವುದು ನಮ್ಮಲ್ಲಿ ರೂಢಿ. ಆದರೆ ಒಂದೇ ಬಗೆಯ ವೈಕಲ್ಯವುಳ್ಳ ಇಬ್ಬರ ಬದುಕು ಒಂದೇ ತೆರನಾಗಿರುವುದಿಲ್ಲ. ನಗರದ ವಿದ್ಯಾವಂತ ಮನೆತನದ ಅಂಧ ಯುವಕ ಓದಿ, ಕಂಪ್ಯೂಟರ್ ಕಲಿತು, ಬ್ಯಾಂಕಿನ ಅಧಿಕಾರಿಯಾಗಬಲ್ಲ. ಹಳ್ಳಿಯ ಭೂಹೀನ ದಲಿತ ಕುಟುಂಬದ ಅಂಧ ಯುವತಿಗೆ ಶಾಲೆಯ ಮೆಟ್ಟಿಲೇ ಎಟುಕದಿರಬಹುದು. ಈ ಅಂತರಕ್ಕೆ ಕಣ್ಣೊಂದೇ ಕಾರಣವಲ್ಲ.

2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ವಿಕಲಚೇತನರಿದ್ದರು, ಅವರಲ್ಲಿ ಶೇ. 69ರಷ್ಟು ಮಂದಿ ಗ್ರಾಮವಾಸಿಗಳು. ಪುರುಷರಲ್ಲಿ ಸಾಕ್ಷರರು ಶೇ. 62, ಸ್ತ್ರೀಯರಲ್ಲಿ ಶೇ. 45. ದುಡಿಮೆಯಲ್ಲಿದ್ದ ಪುರುಷರು ಶೇ. 47 ಆದರೆ ಸ್ತ್ರೀಯರು ಕೇವಲ ಶೇ. 23. ವೈಕಲ್ಯದ ಹೊರೆಯ ಮೇಲೆ ಹೆಣ್ಣೆಂಬ ಹೊರೆಯೂ ಬಿದ್ದಾಗ ಗಳಿಕೆಯ ದಾರಿ ಎಷ್ಟು ಕಿರಿದಾಗುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಇಲ್ಲಿ ಎರಡು ಬಗೆಯ ನಷ್ಟವನ್ನು ಗುರುತಿಸುತ್ತಾರೆ. ವೈಕಲ್ಯವುಳ್ಳವರ ಗಳಿಕೆ ಕಡಿಮೆ; ಗಳಿಸಿದ ಹಣದಿಂದ ಇತರರಷ್ಟೇ ಸುಖವಾಗಿ ಬದುಕಲು ತಗಲುವ ಖರ್ಚು ಹೆಚ್ಚು. ಬ್ಯಾಂಕಿನ ಕೌಂಟರಿನಲ್ಲಿ ಕುಳಿತವರಿಗೆ ಇದು ಹೊಸತಲ್ಲ. ಇಂಥ ಗ್ರಾಹಕರ ಜೊತೆಗೆ ತಾಯಿಯೋ ಮಡದಿಯೋ ಬರಬೇಕಾಗುತ್ತದೆ. ಜೊತೆಗೆ ಬಂದವರು ದಿನಗೂಲಿಯವರಾದರೆ ಅವರ ಆ ದಿನದ ಸಂಪಾದನೆಯೂ ಹೋದಂತೆಯೇ.

ಕಾಯ್ದೆಗಳೇನೋ ಬೆಳೆದಿವೆ. 1995ರ ಕಾಯ್ದೆಯ ಶೇ. 3ರ ಮೀಸಲಾತಿ 2016ರ ಕಾಯ್ದೆಯಲ್ಲಿ ಶೇ. 4 ಆಯಿತು, ವೈಕಲ್ಯದ ಪ್ರಕಾರಗಳು 7ರಿಂದ 21ಕ್ಕೆ ಏರಿದವು. ಈ ಮೀಸಲಾತಿ ಎಲ್ಲ ಜಾತಿವರ್ಗಗಳಿಗೂ ಅಡ್ಡಲಾಗಿ ಅನ್ವಯಿಸುತ್ತದೆಂದು 1992ರ ಇಂದ್ರಾ ಸಾಹ್ನಿ ತೀರ್ಪು ತಿಳಿಸಿತ್ತು. ಆದರೆ ನೌಕರಿಯ ಮೀಸಲಾತಿ ಫಲಿಸುವುದು ಓದಿ ಪರೀಕ್ಷೆಗೆ ಕುಳಿತವರಿಗೆ. ಶಾಲೆಯನ್ನೇ ಕಾಣದವರ ಪಾಲಿಗೆ ಉಳಿಯುವುದು ಪಿಂಚಣಿ. ಅದರಲ್ಲಿ ಕೇಂದ್ರದ ಪಾಲು 2012ರಿಂದ ತಿಂಗಳಿಗೆ 300 ರೂಪಾಯಿ. ನೌಕರಿಯ ಮೀಸಲಾತಿಗೆ ಶೇ. 40ರ ವೈಕಲ್ಯ ಸಾಕು. ಈ ಪಿಂಚಣಿಗಾದರೋ ಶೇ. 80 ಇರಬೇಕು, ಬಡತನದ ರೇಖೆಗಿಂತ ಕೆಳಗೂ ಇರಬೇಕು!

ನ್ಯಾಯಾಲಯಗಳು ಈ ಹೆಣಿಗೆಯನ್ನು ಗುರುತಿಸಿವೆ. ಪರಿಶಿಷ್ಟ ಜಾತಿಯ ಅಂಧ ಯುವತಿಯೊಬ್ಬಳ ಮೇಲಿನ ಅತ್ಯಾಚಾರದ ಪ್ರಕರಣದಲ್ಲಿ 2021ರಲ್ಲಿ ಸುಪ್ರೀಂ ಕೋರ್ಟು, ಜಾತಿ, ಲಿಂಗ, ವೈಕಲ್ಯಗಳನ್ನು ಬಿಡಿಬಿಡಿಯಾಗಿ ನೋಡಲಾಗದೆಂದು ವಿವರಿಸಿತು. ಕಣ್ಣು ಮಿಟುಕಿಸಲಾಗದ ಆ್ಯಸಿಡ್ ದಾಳಿಯ ಸಂತ್ರಸ್ತರಿಗೆ ಡಿಜಿಟಲ್ ಕೆವೈಸಿಯಲ್ಲಿ ಒದಗಿದ ತೊಡಕನ್ನು ಪರಿಶೀಲಿಸಿ, ಡಿಜಿಟಲ್ ಸೇವೆ ಪಡೆಯುವುದು ಜೀವಿಸುವ ಹಕ್ಕಿನ ಭಾಗವೆಂದು 2025ರ ಏಪ್ರಿಲ್‌ನಲ್ಲಿ ಸಾರಿತು.

ಆಡಳಿತ ಮಾತ್ರ ಇಂದಿಗೂ ಮನುಷ್ಯನನ್ನು ಬೇರೆಬೇರೆ ಕಡತಗಳಲ್ಲಿ ಹಂಚಿ ನೋಡುತ್ತಿದೆ. ಮಹಿಳೆಯರದು ಒಂದು ಇಲಾಖೆ, ಪರಿಶಿಷ್ಟರದು ಇನ್ನೊಂದು ಯೋಜನೆ, ವಿಕಲಚೇತನರದು ಮತ್ತೊಂದು ಕಾರ್ಡು. ಮೂರೂ ಆಗಿರುವವಳು ಮೂರು ಕಚೇರಿಗಳನ್ನು ಅಲೆಯಬೇಕು. 2027ರ ಜನಗಣತಿಯಲ್ಲಿ ಜಾತಿಯನ್ನೂ ಎಣಿಸಲು ಸರ್ಕಾರ ನಿರ್ಧರಿಸಿದೆ. ಜಾತಿ, ಲಿಂಗ, ವೈಕಲ್ಯ, ಉದ್ಯೋಗಗಳ ಅಂಕಿಗಳನ್ನು ಒಂದೇ ಕೋಷ್ಟಕದಲ್ಲಿ ಪ್ರಕಟಿಸಿ, ನೆರವಿನ ಮೊತ್ತವನ್ನು ಅದಕ್ಕೆ ತಕ್ಕಂತೆ ನಿಗದಿಪಡಿಸುವುದು ಮೊದಲ ಹೆಜ್ಜೆಯಾಗಬೇಕು. ಯಾರ ತಲೆಯ ಮೇಲೆ ಎಷ್ಟು ಹೊರೆಯಿದೆಯೆಂದು ತಿಳಿಯದೆ ಅದನ್ನು ಇಳಿಸುವುದಾದರೂ ಹೇಗೆ?