ತಿಂಗಳು ತಪ್ಪಿದಾಗ

ತುಳುನಾಡಿನಲ್ಲಿ ಭೂಮಿತಾಯಿಯೂ ಮುಟ್ಟಾಗುತ್ತಾಳೆಂಬ ನಂಬಿಕೆಯಿದೆ. ಫೆಬ್ರವರಿಯ ಎರಡನೆಯ ವಾರದ ಸುಮಾರಿಗೆ ಬರುವ ಕೆಡ್ಡಸದ ಮೂರು ದಿನಗಳಲ್ಲಿ ನೆಲಕ್ಕೆ ಹಾರೆ ತಾಗಿಸುವಂತಿಲ್ಲ, ಹಸಿ ಗಿಡ ಕಡಿಯುವಂತಿಲ್ಲ. ಕಡೆಗೆ ಮನೆಯೊಡತಿ ಅಂಗಳದಲ್ಲಿ ಎಣ್ಣೆ, ಸೀಗೆ, ಅರಸಿನಗಳನ್ನಿಟ್ಟು ಭೂಮಿಯನ್ನು ಮೀಯಿಸುತ್ತಾಳೆ. ಸುಳ್ಯ ಸೀಮೆಯ ಅಜ್ಜಾವರದಂಥ ಊರುಗಳಲ್ಲಿ ಭೂಮಿಯ ಮುಟ್ಟನ್ನು ಕುರಿತು ಮಾತನಾಡಲು ಯಾರೂ ನಾಚುವುದಿಲ್ಲ. ಆದರೆ ಮನೆಯ ಮಗಳ ತಿಂಗಳು ತಪ್ಪಿತೆಂದರೆ ಮಾತು ಗಂಟಲಲ್ಲೇ ಅಡಗುತ್ತದೆ.

ಅಂಥದೊಂದು ಮನೆಯನ್ನು ಊಹಿಸಿಕೊಳ್ಳಬಹುದು. ಮಗಳಿಗೆ 18 ವರ್ಷ. ಸುಳ್ಯದಲ್ಲಿ ಕಾಲೇಜು ಓದುತ್ತಾಳೆ. ಪರೀಕ್ಷೆ ಸಮೀಪಿಸಿದೆ, ಹೊತ್ತಿಗೆ ಸರಿಯಾಗಿ ಊಟವಿಲ್ಲ, ನಿದ್ದೆಯಿಲ್ಲ. ಎಣಿಸಿದ ದಿನ ಕಳೆದು ಇಪ್ಪತ್ತು ದಿನಗಳಾದುವು. ತಾಯಿ ಬಾಯಿಬಿಟ್ಟು ಕೇಳುವುದಿಲ್ಲ; ಕಣ್ಣಿನಲ್ಲಿ ಮಾತ್ರ ಸಂಶಯವಿದೆ. ಅದನ್ನು ಕಂಡ ಮಗಳು ಮತ್ತಷ್ಟು ಹೆದರುತ್ತಾಳೆ. ಆ ಹೆದರಿಕೆಯೇ ಮುಟ್ಟನ್ನು ಇನ್ನೂ ಮುಂದಕ್ಕೆ ತಳ್ಳಬಲ್ಲುದೆಂಬುದು ಇಬ್ಬರಿಗೂ ತಿಳಿಯದು.

ಮುಟ್ಟಿನ ಸೂತ್ರವಿರುವುದು ಮಿದುಳಿನಲ್ಲಿ. ಅಲ್ಲಿನ ಹೈಪೊಥಲಮಸ್ ಪಿಟ್ಯುಟರಿ ಗ್ರಂಥಿಯನ್ನೂ, ಆ ಗ್ರಂಥಿ ಅಂಡಾಶಯವನ್ನೂ ಪ್ರೇರಿಸುತ್ತದೆ. ಮನಸ್ಸು ಬಳಲಿದಾಗ, ಊಟ ಸಾಲದಾದಾಗ, ತೂಕ ಏಕಾಏಕಿ ಇಳಿದಾಗ ಅಥವಾ ಶಕ್ತಿಮೀರಿ ವ್ಯಾಯಾಮ ಮಾಡಿದಾಗ ಈ ಪ್ರೇರಣೆ ಕುಗ್ಗಿ, ಅಂಡ ಹೊರಬೀಳುವುದು ತಡವಾಗುತ್ತದೆ, ಮುಟ್ಟೂ ತಡವಾಗುತ್ತದೆ. ಬೆಳೆದ ಹೆಂಗಸರಲ್ಲಿ 21ರಿಂದ 35 ದಿನಗಳಿಗೊಮ್ಮೆ ಮುಟ್ಟಾಗುವುದು ಸಹಜ. ಮೈನೆರೆದ ಮೊದಲ ಕೆಲವು ವರ್ಷ 45 ದಿನಗಳವರೆಗೂ ಹೋಗಬಹುದು. ನಾಲ್ಕಾರು ದಿನ ಹೆಚ್ಚುಕಡಿಮೆಯಾದರೆ ರೋಗವೆಂದು ಬಗೆಯಬೇಕಾಗಿಲ್ಲ.

ಇತರ ಕಾರಣಗಳೂ ಉಂಟು. ಗರ್ಭಧಾರಣೆಗೆ ಅವಕಾಶವಿದ್ದವರು ಮೊದಲು ಅದನ್ನೇ ಪರೀಕ್ಷಿಸಿಕೊಳ್ಳಬೇಕು. ಔಷಧದಂಗಡಿಯಲ್ಲಿ ಸಿಗುವ ಮೂತ್ರಪರೀಕ್ಷೆಯ ಪಟ್ಟಿಯಿಂದ ಮನೆಯಲ್ಲೇ ತಿಳಿಯಬಹುದು. ಆಶಾ ಕಾರ್ಯಕರ್ತೆಯರನ್ನೂ ಕೇಳಬಹುದು. ಮೊದಲ ದಿನಗಳಲ್ಲಿ ಇಲ್ಲವೆಂದು ತೋರಿದರೂ ಮುಟ್ಟು ಬಾರದಿದ್ದರೆ ಒಂದು ವಾರದ ಬಳಿಕ ಮತ್ತೆ ನೋಡಬೇಕು. ಎದೆಹಾಲೂಡಿಸುವ ತಾಯಂದಿರಿಗೆ ಹಲವು ತಿಂಗಳು ಮುಟ್ಟಿಲ್ಲದಿರುವುದುಂಟು; ಆದರೂ ಆ ಅವಧಿಯಲ್ಲಿ ಗರ್ಭ ನಿಲ್ಲದೆಂಬ ಭರವಸೆಯಿಲ್ಲ. ನಲವತ್ತೈದರ ಆಸುಪಾಸಿನಲ್ಲಿ ಮುಟ್ಟು ನಿಲ್ಲುವ ಕಾಲದ ಏರುಪೇರು ಕಾಣಿಸುತ್ತದೆ. ಥೈರಾಯ್ಡ್ ಗ್ರಂಥಿಯ ದೋಷ, ಕೆಲವು ಔಷಧಗಳು, ಗರ್ಭನಿರೋಧಕಗಳು ಸಹ ಕಾರಣವಾಗಬಲ್ಲುವು. ಮುಟ್ಟು ಪದೇ ಪದೇ ತಡವಾಗುತ್ತ, ಮುಖದಲ್ಲಿ ಕೂದಲು, ಮೊಡವೆ ಹೆಚ್ಚಿದರೆ ಪಿ.ಸಿ.ಒ.ಎಸ್. ಎಂಬ ತೊಂದರೆಯಿರಬಹುದು. ಮದುವೆ, ಪೂಜೆಗಳ ದಿನ ಮುಟ್ಟಾಗದಿರಲೆಂದು ಮಾತ್ರೆ ನುಂಗುವ ರೂಢಿಯೂ ನಮ್ಮಲ್ಲಿದೆ. ವೈದ್ಯರನ್ನು ಕೇಳದೆ ಅದನ್ನು ತೆಗೆದುಕೊಳ್ಳಬಾರದು. ತಪ್ಪಿದ ಮುಟ್ಟನ್ನು ಬರಿಸಲೆಂದು ನೆರೆಯವರು ಹೇಳಿದ ಮಾತ್ರೆ, ಕಷಾಯಗಳಿಗೆ ಕೈಹಾಕುವುದೂ ಅಪಾಯ.

ಕ್ರಮವಾಗಿ ಬರುತ್ತಿದ್ದ ಮುಟ್ಟು ಮೂರು ತಿಂಗಳು ನಿಂತರೆ, 15 ವರ್ಷ ತುಂಬಿದರೂ ಹುಡುಗಿ ಮೈನೆರೆಯದಿದ್ದರೆ ವೈದ್ಯರನ್ನು ಕಾಣಬೇಕು. ಮುಟ್ಟು ತಪ್ಪಿದವಳಿಗೆ ಕಿಬ್ಬೊಟ್ಟೆಯಲ್ಲಿ ತೀವ್ರ ನೋವು ಬಂದರೆ, ಕಣ್ಣು ಕತ್ತಲೆಗಟ್ಟಿದರೆ ಒಡನೆ ಆಸ್ಪತ್ರೆಗೆ ಕರೆದೊಯ್ಯಬೇಕು. ಗರ್ಭಕೋಶದ ಹೊರಗೆ ಗರ್ಭ ನಿಂತಿದ್ದರೆ ಗಂಟೆಗಳ ವಿಳಂಬವೂ ಪ್ರಾಣಕ್ಕೆ ಎರವಾದೀತು.

ಆ ಮನೆಯ ತಾಯಿ ಮಾಡಬೇಕಾದುದು ಮೊದಲು ಇಷ್ಟೆ: ದೀಪವಾರಿಸುವ ಮುನ್ನ ಮಗಳ ಬಳಿ ಕುಳಿತು, “ಎಷ್ಟು ದಿನವಾಯಿತು ಮಗಾ? ಹೆದರಬೇಡ, ಹೇಳು” ಎನ್ನುವುದು. ಕಾರಣ ಪರೀಕ್ಷೆಯ ಚಿಂತೆಯೇ ಆಗಿದ್ದರೆ ಅರ್ಧ ಭಾರ ಅಲ್ಲೇ ಇಳಿದೀತು. ಬೇರೆ ಕಾರಣವಿದ್ದರೂ ಅದು ಮೊದಲು ತಾಯಿಯ ಕಿವಿಗೆ ಬೀಳುವುದೇ ಕ್ಷೇಮ. ಭೂಮಿತಾಯಿಗೆ ಮೂರು ದಿನ ವಿಶ್ರಾಂತಿ ಕೊಟ್ಟು ಆದರಿಸುವ ಮನೆಗೆ ಮಗಳಿಗೊಂದು ಮೃದುಮಾತು ಹೆಚ್ಚಾಗಲಾರದು.