ಹೈಸ್ಕೂಲಿನ ಬೆಂಚುಗಳನ್ನು ತಿರುಗಿಸಲು ಒಂದು ಸುತ್ತೋಲೆ ಕೊಡಿ

ಇವರಿಗೆ,
ಉಪನಿರ್ದೇಶಕರು (ಆಡಳಿತ),
ಶಾಲಾ ಶಿಕ್ಷಣ ಇಲಾಖೆ, ದಕ್ಷಿಣ ಕನ್ನಡ ಜಿಲ್ಲೆ, ಮಂಗಳೂರು.

ಮಾನ್ಯರೇ,

ನಮ್ಮ ಬೆಳ್ಳಾರೆಯ ಕರ್ನಾಟಕ ಪಬ್ಲಿಕ್ ಶಾಲೆಯಂಥ ಕಡೆ ಎಲ್‌ಕೆಜಿಯಿಂದ ಪಿಯುಸಿವರೆಗಿನ ಮಕ್ಕಳು ಒಂದೇ ಸಂಸ್ಥೆಯಲ್ಲಿ ಓದುತ್ತಾರೆ. ಇಂಥ ಶಾಲೆಗಳಿಗೆ ಭೇಟಿ ಕೊಟ್ಟಾಗ ಒಂದು ವ್ಯತ್ಯಾಸ ನಿಮ್ಮ ಕಣ್ಣಿಗೂ ಬಿದ್ದಿರಬೇಕು. ನಲಿ–ಕಲಿ ಕೋಣೆಯಲ್ಲಿ ಆರು ವರ್ಷದ ಮಗು ಗುಂಪಿನಲ್ಲಿ ದುಂಡಗೆ ಕೂತಿರುತ್ತದೆ. ಶಿಕ್ಷಕರ ನೆರವಿನ ತಟ್ಟೆ, ಸಹಪಾಠಿಗಳ ನೆರವಿನ ತಟ್ಟೆ, ಸ್ವಕಲಿಕೆಯ ತಟ್ಟೆ ಎಂದು ಒಂದು ಗುಂಪಿನಿಂದ ಇನ್ನೊಂದಕ್ಕೆ ಎದ್ದು ಎದ್ದು ಹೋಗುತ್ತಿರುತ್ತದೆ. ಅದೇ ಮಗು ಹೈಸ್ಕೂಲಿಗೆ ಬರುವ ಹೊತ್ತಿಗೆ ಸಾಲು ಬೆಂಚಿನಲ್ಲಿ, ಮುಂದಿನವರ ಬೆನ್ನು ನೋಡುತ್ತಾ ದಿನ ಕಳೆಯುತ್ತದೆ.

ನಲಿ–ಕಲಿ ನಮ್ಮ ರಾಜ್ಯದ ಹೆಮ್ಮೆ. ಋಷಿವ್ಯಾಲಿಯ ಗ್ರಾಮೀಣ ಶಾಲೆಗಳಿಂದ ಕಲಿತು ಬಂದ ಸರ್ಕಾರಿ ಶಿಕ್ಷಕರು 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಅದನ್ನು ಆರಂಭಿಸಿದರು. 2009–10ರ ಹೊತ್ತಿಗೆ ಅದು ರಾಜ್ಯದ ಎಲ್ಲೆಡೆ ಬಂತು. ಮಕ್ಕಳು ಮಕ್ಕಳಿಂದ ಕಲಿಯುತ್ತಾರೆ ಎಂಬುದನ್ನು ನಮ್ಮ ಇಲಾಖೆಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ನನ್ನನ್ನು ಕಾಡುವ ಪ್ರಶ್ನೆ ಬೇರೆ: ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ, ಜೊತೆಗಾರರ ಒಂದು ಮಾತಿಗೆ ಮನಸ್ಸು ಅರಳುವ, ಒಂದು ನಗೆಗೆ ಮುದುಡುವ ಕಾಲದಲ್ಲೇ ನಾವೇಕೆ ಆ ದುಂಡು ಕೂಟವನ್ನು ಮುರಿಯುತ್ತೇವೆ?

ಉತ್ತರ ನಿಮಗೂ ಗೊತ್ತು, ನನಗೂ ಗೊತ್ತು. ಎಸ್‌ಎಸ್‌ಎಲ್‌ಸಿ. 2023ರಲ್ಲಿ ನಮ್ಮ ಜಿಲ್ಲೆ 19ನೇ ಸ್ಥಾನಕ್ಕೆ ಇಳಿದಾಗ ಎಷ್ಟು ಸಭೆಗಳಾದವು, ಎಷ್ಟು ಮುಖ್ಯಶಿಕ್ಷಕರ ನಿದ್ದೆ ಕೆಟ್ಟಿತು ಎಂಬುದು ಈ ಊರಿನವರಿಗೆ ಹೊಸದಲ್ಲ. 2025ರಲ್ಲಿ ಶೇಕಡಾ 91.12 ಫಲಿತಾಂಶದೊಂದಿಗೆ ಜಿಲ್ಲೆ ಮೊದಲ ಸ್ಥಾನಕ್ಕೆ ಬಂತು. ಆ ದುಡಿಮೆಗೆ ನಾನು ಕೈ ಮುಗಿಯುತ್ತೇನೆ. ಬೆಳಗ್ಗೆ ಐದಕ್ಕೆ ಫೋನ್ ಮಾಡಿ ಮಕ್ಕಳನ್ನು ಎಬ್ಬಿಸುವ, ಸಂಜೆ ಮನೆಮನೆಗೆ ಹೋಗುವ ಶಿಕ್ಷಕರು ನಮ್ಮಲ್ಲಿದ್ದಾರೆ. ಆದರೆ ಆ ಓಟದಲ್ಲಿ ಮಕ್ಕಳನ್ನು ‘ಕಲಿಕೆಯಲ್ಲಿ ಮುಂದಿರುವವರು’, ‘ಹಿಂದುಳಿದವರು’ ಎಂದು ಪಟ್ಟಿ ಮಾಡುತ್ತೇವೆ. ತನ್ನ ಹೆಸರು ಯಾವ ಪಟ್ಟಿಯಲ್ಲಿದೆ ಎಂದು ತಿಳಿಯದ ಮಗು ಒಂದೂ ಇರುವುದಿಲ್ಲ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ಕೊಟ್ಟ ಮಾರ್ಗಸೂಚಿಗಳಲ್ಲಿ, ಅಂಕಗಳ ಆಧಾರದ ಮೇಲೆ ಮಕ್ಕಳನ್ನು ಬೇರ್ಪಡಿಸಬಾರದು, ಎಲ್ಲರೆದುರು ಅವಮಾನಿಸಬಾರದು ಎಂಬುದೂ ಸೇರಿದೆ.

2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ಬೆಂಗಳೂರಿನ ನಿಮ್ಹಾನ್ಸ್ ನಡೆಸಿತು. ಅದರ ಪ್ರಕಾರ 13ರಿಂದ 17 ವರ್ಷದವರಲ್ಲಿ ನೂರಕ್ಕೆ 7.3 ಮಂದಿಗೆ ಯಾವುದಾದರೊಂದು ಮಾನಸಿಕ ಸಮಸ್ಯೆಯಿದೆ. ನಲವತ್ತು ಮಕ್ಕಳ ತರಗತಿಯಲ್ಲಿ ಸುಮಾರು ಮೂವರು. ಆ ಮೂವರು ಯಾರೆಂದು ಶಿಕ್ಷಕರಿಗಿಂತ ಮೊದಲು ಗೊತ್ತಾಗುವುದು ಪಕ್ಕದಲ್ಲಿ ಕೂತವರಿಗೆ. ಊಟದ ಹೊತ್ತಿನಲ್ಲಿ ಬಟ್ಟಲು ಮುಟ್ಟದವನನ್ನು, ನಾಲ್ಕು ದಿನದಿಂದ ನಗದವಳನ್ನು ಗಮನಿಸುವ ಕಣ್ಣು ಅದು. ಆದರೆ ಗಮನಿಸಿದ್ದನ್ನು ಮಾತಾಗಿಸಲು ಒಂದು ನೆಪ ಬೇಕು.

ನಮ್ಮ ಸುಳ್ಯ ಸೀಮೆಯ ಅಂಗಳಗಳಲ್ಲಿ ಅಡಿಕೆ ಸುಲಿಯುವ ರಾತ್ರಿಗಳನ್ನು ನೀವು ಕಂಡಿದ್ದೀರೋ ಇಲ್ಲವೋ. ಕೈ ಸುಲಿಗತ್ತಿಯ ಮೇಲಿರುತ್ತದೆ, ಕಣ್ಣು ಅಡಿಕೆಯ ಮೇಲಿರುತ್ತದೆ. ಎದುರುಬದುರು ಕೂರಿಸಿ ಕೇಳಿದರೆ ಯಾರೂ ಹೇಳದ ಸಂಗತಿಗಳು ಅಲ್ಲಿ ತಾವಾಗಿ ಹೊರಬರುತ್ತವೆ. ಹದಿಹರೆಯದವರಿಗೂ ಇದೇ ಬೇಕು. ‘ನಿನ್ನ ಕಷ್ಟವೇನು, ಹೇಳು’ ಎಂದರೆ ಅವರು ‘ಏನಿಲ್ಲ ಟೀಚರ್’ ಎನ್ನುತ್ತಾರೆ. ನಾಲ್ವರು ಸೇರಿ ಒಂದು ಪ್ರಮೇಯ ಬಿಡಿಸುತ್ತಿರುವಾಗ, ಕಾಗದದ ಮೇಲೆ ಎಲ್ಲರ ಕಣ್ಣಿರುವಾಗ, ‘ನಿನ್ನೆ ರಾತ್ರಿ ಮನೆಯಲ್ಲಿ ಜಗಳ, ಓದಲಿಕ್ಕೇ ಆಗಲಿಲ್ಲ’ ಎಂಬ ಮಾತು ಸಹಜವಾಗಿ ಬಂದುಬಿಡುತ್ತದೆ. ಹಾಗಾಗಿಯೇ ನಾನು ಇನ್ನೊಂದು ಮೌಲ್ಯಶಿಕ್ಷಣದ ಪಿರಿಯಡ್ ಕೇಳುತ್ತಿಲ್ಲ. ಗಣಿತ, ವಿಜ್ಞಾನ, ಸಮಾಜದ ಪಾಠವನ್ನೇ ಗುಂಪಿನಲ್ಲಿ ಕಲಿಸಿ ಎಂದು ಕೇಳುತ್ತಿದ್ದೇನೆ.

ಹೇಗೆ ಎಂಬುದಕ್ಕೆ ಹಳೆಯ, ಗಟ್ಟಿಯಾದ ಒಂದು ದಾರಿಯಿದೆ. 1971ರಲ್ಲಿ ಅಮೆರಿಕದ ಆಸ್ಟಿನ್ ನಗರದ ಶಾಲೆಗಳಲ್ಲಿ ಕರಿಯ, ಬಿಳಿಯ, ಮೆಕ್ಸಿಕನ್ ಮೂಲದ ಮಕ್ಕಳನ್ನು ಮೊದಲ ಬಾರಿಗೆ ಒಟ್ಟಿಗೆ ಕೂರಿಸಿದಾಗ ಹೊಡೆದಾಟಗಳಾದವು. ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್‌ಸನ್ ಉಪದೇಶ ಮಾಡಲಿಲ್ಲ, ಪಾಠವನ್ನು ತುಂಡು ಮಾಡಿದರು. ನಮ್ಮ ಹತ್ತನೇ ತರಗತಿಯ ಇತಿಹಾಸದಲ್ಲಿ ಬ್ರಿಟಿಷರ ವಿರುದ್ಧ ಕರ್ನಾಟಕದಲ್ಲಿ ನಡೆದ ಪ್ರತಿರೋಧಗಳ ಪಾಠವಿದೆಯಲ್ಲ, ಅದನ್ನೇ ತೆಗೆದುಕೊಳ್ಳಿ. ಐವರ ಗುಂಪು. ಒಬ್ಬರಿಗೆ ಧೋಂಡಿಯಾ ವಾಘ್, ಒಬ್ಬರಿಗೆ ಕಿತ್ತೂರು, ಒಬ್ಬರಿಗೆ ಸುರಪುರ, ಒಬ್ಬರಿಗೆ ಹಲಗಲಿ, ಒಬ್ಬರಿಗೆ ಅಮರ ಸುಳ್ಯ. ಎಲ್ಲ ಗುಂಪುಗಳಲ್ಲಿ ಅಮರ ಸುಳ್ಯ ಸಿಕ್ಕವರು ಮೊದಲು ಒಂದು ಕಡೆ ಕೂತು ಚರ್ಚಿಸುತ್ತಾರೆ, ತಪ್ಪು ತಿದ್ದಿಕೊಳ್ಳುತ್ತಾರೆ. ಆಮೇಲೆ ತಂತಮ್ಮ ಗುಂಪಿಗೆ ಮರಳಿ ಉಳಿದ ನಾಲ್ವರಿಗೆ ಹೇಳಿಕೊಡುತ್ತಾರೆ. ಕೊನೆಗೆ ಪರೀಕ್ಷೆ ಬರೆಯುವುದು ಪ್ರತಿಯೊಬ್ಬರೂ ಒಂಟಿಯಾಗಿಯೇ, ಇಡೀ ಪಾಠದ ಮೇಲೆ.

ಇಲ್ಲಿ ಏನಾಗುತ್ತದೆ ನೋಡಿ. ತರಗತಿಯಲ್ಲಿ ಬಾಯಿ ಬಿಡದ ಹುಡುಗಿಯ ಕೈಯಲ್ಲಿ 1837ರ ಅಮರ ಸುಳ್ಯದ ಕಥೆಯಿದೆ. ಕೆದಂಬಾಡಿ ರಾಮಯ್ಯ ಗೌಡರ ಕಡೆಯವರು ಇದೇ ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡ ಕಥೆ. ಅದು ಬೇರೆಯವರಿಗೆ ತಿಳಿಯಬೇಕಾದರೆ ಅವಳೇ ಹೇಳಬೇಕು. ಅವಳು ತಡವರಿಸಿದರೆ ನಗುವುದರಿಂದ ಯಾರಿಗೂ ಲಾಭವಿಲ್ಲ. ತಾಳ್ಮೆಯಿಂದ ಕೇಳಿ, ಪ್ರಶ್ನೆ ಹಾಕಿ ಅವಳಿಂದ ಹೊರತೆಗೆಯಬೇಕು. ನಾನು ಇಲ್ಲದಿದ್ದರೆ ಇವರಿಗೆ ನಡೆಯುವುದಿಲ್ಲ ಎಂಬ ಅನುಭವ ಆ ಹುಡುಗಿಗೆ ಬಹುಶಃ ಶಾಲೆಯಲ್ಲಿ ಮೊದಲ ಸಲ ಆಗುತ್ತದೆ. ಹದಿನೈದರ ವಯಸ್ಸಿನ ಮನಸ್ಸಿಗೆ ಇದಕ್ಕಿಂತ ದೊಡ್ಡ ಆಸರೆ ನನಗೆ ಗೊತ್ತಿಲ್ಲ.

ಇದು ಬರೀ ಆಸೆಯ ಮಾತಲ್ಲ. ಅಮೆರಿಕದ ವಾಯವ್ಯ ಭಾಗದ 15 ಗ್ರಾಮೀಣ ಶಾಲೆಗಳಲ್ಲಿ ಮಾರ್ಕ್ ವಾನ್ ರೈಜಿನ್ ಮತ್ತು ಕ್ಯಾರಿ ರೋಸೆತ್ ಈ ಬಗೆಯ ಸಹಕಾರಿ ಕಲಿಕೆಯನ್ನು ಪರೀಕ್ಷಿಸಿದರು. 2018ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಸಹಪಾಠಿಗಳಿಂದ ಮೊದಲೇ ದೂರವಾಗಿದ್ದ ಮಕ್ಕಳಲ್ಲಿ ಕಿರುಕುಳವೂ ಒತ್ತಡವೂ ಭಾವನಾತ್ಮಕ ತೊಂದರೆಗಳೂ ಕಡಿಮೆಯಾದವು. ನಮ್ಮ ನಿಮ್ಹಾನ್ಸ್ ಕೂಡ ಹೈಸ್ಕೂಲಿನ ಶಿಕ್ಷಕರಿಗೆ ತರಬೇತಿ ಕೊಟ್ಟು, ಗುಂಪು ಚಟುವಟಿಕೆಗಳ ಮೂಲಕ ಜೀವನ ಕೌಶಲಗಳನ್ನು ಕಲಿಸಿ ನೋಡಿದೆ. ಆ ಮಕ್ಕಳಲ್ಲಿ ಆತ್ಮಗೌರವ ಹೆಚ್ಚಿತು, ಶಾಲೆ ಮತ್ತು ಶಿಕ್ಷಕರೊಂದಿಗಿನ ಹೊಂದಾಣಿಕೆ ಸುಧಾರಿಸಿತು. ಮಾನಸಿಕ ರೋಗಲಕ್ಷಣಗಳಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಇದನ್ನು ಮುಚ್ಚಿಡಬಾರದು. ಗುಂಪು ಕಲಿಕೆ ಔಷಧವಲ್ಲ. ಖಿನ್ನತೆಗೆ ಜಾರಿದ ಮಗುವಿಗೆ ವೈದ್ಯರೇ ಬೇಕು.

ಇನ್ನು ಬೆಳ್ಳಾರೆಯ ಮಾತು. 2022ರ ಜುಲೈನಲ್ಲಿ ಒಂದು ವಾರದ ಅಂತರದಲ್ಲಿ ನಮ್ಮ ಊರಿನ ಆಸುಪಾಸಿನಲ್ಲಿ ಇಬ್ಬರು ಯುವಕರ ಕೊಲೆಯಾಯಿತು, ಒಬ್ಬ ಮುಸ್ಲಿಂ, ಒಬ್ಬ ಹಿಂದೂ. ಅಂಗಡಿಗಳು ಮುಚ್ಚಿದವು, ನಿಷೇಧಾಜ್ಞೆ ಬಂತು, ಟಿವಿ ಕ್ಯಾಮೆರಾಗಳು ಬಂದು ಹೋದವು. ಆಗ ಪ್ರಾಥಮಿಕ ಶಾಲೆಯಲ್ಲಿದ್ದ ಮಕ್ಕಳು ಈಗ ನಿಮ್ಮ ಹೈಸ್ಕೂಲುಗಳಲ್ಲಿದ್ದಾರೆ. ಆ ದಿನಗಳಲ್ಲಿ ದೊಡ್ಡವರು ತಗ್ಗಿದ ದನಿಯಲ್ಲಿ ಆಡಿದ್ದನ್ನೆಲ್ಲ ಅವರು ಕೇಳಿಸಿಕೊಂಡಿದ್ದಾರೆ. ಆ ಭಯವನ್ನು, ಸಿಟ್ಟನ್ನು ಯಾರೂ ಕೂತು ಅವರೊಂದಿಗೆ ಬಿಡಿಸಿ ಮಾತಾಡಿದ್ದು ನನಗೆ ತಿಳಿದಿಲ್ಲ.

ನಮ್ಮ ಒಂದು ತರಗತಿಯಲ್ಲಿ ಎಷ್ಟು ಮನೆಮಾತುಗಳಿವೆ! ತುಳು, ಅರೆಭಾಷೆ, ಬ್ಯಾರಿ, ಹವ್ಯಕ, ಮರಾಟಿ, ಮಲಯಾಳ. ಶ್ರೀಲಂಕಾದಿಂದ ಮರಳಿ ಬಂದು ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆಸಿದವರ ತಮಿಳು. ಮಕ್ಕಳನ್ನು ಅವರಿಷ್ಟಕ್ಕೆ ಬಿಟ್ಟರೆ ಬೆಂಚುಗಳು ಮನೆಮಾತಿನಂತೆ, ಬಸ್ಸಿನ ದಾರಿಯಂತೆ, ಧರ್ಮದಂತೆ ಬೇರೆಬೇರೆಯಾಗುತ್ತವೆ. ಹಾಗಾಗಿ ಗುಂಪನ್ನು ಶಿಕ್ಷಕರೇ ಮಾಡಬೇಕು, ಬೆರಕೆಯಾಗಿ ಮಾಡಬೇಕು, ಕೆಲವು ವಾರಗಳಿಗೊಮ್ಮೆ ಬದಲಿಸಬೇಕು.

ಈ ಪತ್ರವನ್ನು ಶಾಲೆಗೆ ಬರೆಯದೆ ನಿಮಗೆ ಬರೆಯಲು ಕಾರಣವೂ ಇದೇ. ಬೇರೆ ಬೇರೆ ಧರ್ಮದ ಹುಡುಗ ಹುಡುಗಿ ಮಾತಾಡುತ್ತಾ ನಿಂತರೆ ಬಸ್‌ಸ್ಟ್ಯಾಂಡಿನಲ್ಲಿ ತಡೆದು ಪ್ರಶ್ನಿಸುವವರಿರುವ ಜಿಲ್ಲೆ ನಮ್ಮದು. ಇಂಥ ಕಡೆ ಒಬ್ಬ ಶಿಕ್ಷಕಿ ತನ್ನಷ್ಟಕ್ಕೆ ಬೆರಕೆ ಗುಂಪು ಮಾಡಿದರೆ, ನಾಳೆ ಯಾರೋ ಒಂದು ಫೋಟೊ ವಾಟ್ಸ್‌ಆ್ಯಪ್‌ಗೆ ಹಾಕಿದರೆ, ಅವರ ಬೆನ್ನಿಗೆ ಯಾರಿರುತ್ತಾರೆ? ಇಲಾಖೆಯ ಸುತ್ತೋಲೆಯಿರಬೇಕು. ‘ಗುಂಪು ರಚನೆ ಶಿಕ್ಷಕರ ಬೋಧನಾ ಕ್ರಮಕ್ಕೆ ಸೇರಿದ್ದು’ ಎಂಬ ಒಂದು ಸಾಲು, ನಿಮ್ಮ ಸಹಿಯೊಂದಿಗೆ. ಹುಡುಗ ಹುಡುಗಿಯರ ಗುಂಪು ಬೇರೆ ಇರಲಿ ಎಂದು ಆರಂಭದಲ್ಲಿ ಪೋಷಕರು ಬಯಸಿದರೆ ಹಾಗೇ ಶುರುವಾಗಲಿ, ನನ್ನ ತಕರಾರಿಲ್ಲ. ಧರ್ಮ, ಜಾತಿ, ಅಂಕಗಳ ಬೇಲಿ ಮಾತ್ರ ಮೊದಲ ದಿನದಿಂದಲೇ ಬೇಡ.

‘ನಮ್ಮಲ್ಲಿ ಗುಂಪು ಅಧ್ಯಯನ ಇದೆಯಲ್ಲ’ ಎಂದು ನಿಮ್ಮ ಅಧಿಕಾರಿಗಳು ಹೇಳಬಹುದು. ಇದೆ. ಪರೀಕ್ಷೆ ಹತ್ತಿರವಾದಾಗ ಜಾಣ ಹುಡುಗನೊಬ್ಬನನ್ನು ಮುಂದಾಳು ಮಾಡಿ, ಉಳಿದವರಿಗೆ ಬಾಯಿಪಾಠ ಒಪ್ಪಿಸಿಕೊಳ್ಳುವ ಕೆಲಸ ಕೊಡುತ್ತೇವೆ. ಅಲ್ಲಿ ಒಬ್ಬನಿಗೆ ಹೊರೆ, ನಾಲ್ವರಿಗೆ ಕೀಳರಿಮೆ. ಪಾಠದ ಒಂದು ತುಂಡು ಪ್ರತಿ ಮಗುವಿನ ಕೈಯಲ್ಲೂ ಇಲ್ಲದಿದ್ದರೆ ಅದು ನಾನು ಹೇಳುತ್ತಿರುವ ಗುಂಪಲ್ಲ, ಇನ್ನೊಂದು ಪಟ್ಟಿ ಅಷ್ಟೇ.

ಶಿಕ್ಷಕರ ಮೇಲೆ ಎಲ್ಲವನ್ನೂ ಹೊರಿಸಬೇಡಿ ಎಂದೂ ಕೇಳಿಕೊಳ್ಳುತ್ತೇನೆ. ಬಿಹಾರದ ನಾಲಂದಾ ಜಿಲ್ಲೆಯ 74 ಹೈಸ್ಕೂಲುಗಳಲ್ಲಿ ಗೋವಾದ ‘ಸಂಗಾತ್’ ಸಂಸ್ಥೆ ನಡೆಸಿದ ‘ಸೆಹೆರ್’ ಪ್ರಯೋಗದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಮನೋವಿಜ್ಞಾನದ ಪದವಿಯಿಲ್ಲದಿದ್ದರೂ ತರಬೇತಿ ಪಡೆದು ಶಾಲೆಯಲ್ಲೇ ಇದ್ದ ಆಪ್ತಸಲಹೆಗಾರರು ಕಾರ್ಯಕ್ರಮ ನಡೆಸಿದ ಕಡೆ ಶಾಲೆಯ ವಾತಾವರಣ ಸುಧಾರಿಸಿತು, ಖಿನ್ನತೆ ಮತ್ತು ಕಿರುಕುಳ ತಗ್ಗಿದವು. ಅದೇ ಕೆಲಸವನ್ನು ಶಿಕ್ಷಕರಿಗೆ ಹೆಚ್ಚುವರಿಯಾಗಿ ಕೊಟ್ಟ ಕಡೆ ಪರಿಣಾಮ ಕಾಣಲಿಲ್ಲ. ನನ್ನ ಮಟ್ಟಿಗೆ ಇದರ ಅರ್ಥ ಸ್ಪಷ್ಟ: ಪಾಠ ಮಾಡುವ ಕ್ರಮ ಬದಲಿಸುವುದು ಶಿಕ್ಷಕರ ಕೆಲಸ, ನೊಂದ ಮಗುವಿನ ಕೈ ಹಿಡಿಯಲು ಇನ್ನೊಬ್ಬರು ಬೇಕು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗೆ ಒಬ್ಬ ಆಪ್ತಸಲಹೆಗಾರರು ಇರಬೇಕೆಂದು ಸುಪ್ರೀಂ ಕೋರ್ಟೇ ಹೇಳಿದೆ. ಅವರು ಬರುವ ತನಕ ಟೆಲಿ ಮಾನಸ್ ಸಹಾಯವಾಣಿ 14416 ಪ್ರತಿ ತರಗತಿಯ ಗೋಡೆಯ ಮೇಲಿರಲಿ; ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಸುಳ್ಯ ತಾಲ್ಲೂಕಿನಿಂದಲೇ ಆರಂಭಿಸಿ. ಪ್ರತಿ ಹೈಸ್ಕೂಲಿನಿಂದ ಇಬ್ಬರು ವಿಷಯ ಶಿಕ್ಷಕರಿಗೆ ಬೇಸಿಗೆ ರಜೆ ಮುಗಿಯುವ ಮೊದಲು ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಲ್ಲಿ (ಡಯಟ್) ತರಬೇತಿ ಕೊಡಿಸಿ. ನಲಿ–ಕಲಿಯ ಅನುಭವಿ ಶಿಕ್ಷಕಿಯರನ್ನೇ ಸಂಪನ್ಮೂಲ ವ್ಯಕ್ತಿಗಳಾಗಿ ಕರೆಯಿರಿ. ಗುಂಪು ನಡೆಸುವ ಕಷ್ಟಸುಖ ಅವರಷ್ಟು ಬಲ್ಲವರಿಲ್ಲ. ಮೊದಲ ವರ್ಷ ಎಂಟು ಮತ್ತು ಒಂಬತ್ತನೇ ತರಗತಿ ಸಾಕು, ವಾರಕ್ಕೆ ಪ್ರತಿ ವಿಷಯದಲ್ಲಿ ಒಂದು ಪಿರಿಯಡ್ ಸಾಕು. ಮಳೆಗಾಲದ ರಜೆಗಳನ್ನು ಸರಿದೂಗಿಸುವ ಅವಸರದಲ್ಲಿ ಆ ಪಿರಿಯಡ್ಡನ್ನು ಯಾರೂ ಕಸಿಯದಂತೆ ವೇಳಾಪಟ್ಟಿಯಲ್ಲೇ ಬರೆಸಿ. ತಪಾಸಣೆಗೆ ಬರುವ ಅಧಿಕಾರಿಗಳು ಫಲಿತಾಂಶದ ಜೊತೆಗೆ ಮಕ್ಕಳನ್ನು ಇನ್ನೊಂದು ಪ್ರಶ್ನೆ ಕೇಳಲಿ: ‘ನೀನು ಒಂದು ದಿನ ಬರದಿದ್ದರೆ ನಿನ್ನನ್ನು ಹುಡುಕುವವರು ಈ ತರಗತಿಯಲ್ಲಿ ಯಾರಿದ್ದಾರೆ?’ ಉತ್ತರ ಕೊಡಲಾಗದ ಮಕ್ಕಳ ಸಂಖ್ಯೆಯನ್ನು ಶಾಲಾವಾರು ಬರೆದಿಡಲಿ. ಮುಂದಿನ ಜೂನ್‌ನಲ್ಲಿ ಆ ಸಂಖ್ಯೆಗಳನ್ನು ಪೋಷಕರ ಮುಂದಿಡಿ, ನಾವು ಸಭೆಗೆ ಬರುತ್ತೇವೆ.

ಇತಿ,
ಬೆಳ್ಳಾರೆಯ ಒಬ್ಬ ತಾಯಿ